ಗಾಡ್ಜಿಲ್ಲಾನಿಗೆ ಎಷ್ಟು ಸ್ಟಾರ್ ಕೊಡಬೇಕು?

ಪ್ರಶ್ನೆ: ಕಾಸರಗೋಡಿನಲ್ಲಿ ಕನ್ನಡ ಬಿ.ಎ. ಓದುತ್ತಿದ್ದೇನೆ. ಕಾಲೇಜಿನ ಭಿತ್ತಿಪತ್ರಿಕೆಗೆ ಹೊಸ ಸಿನಿಮಾ ಮತ್ತು ವೆಬ್ ಸರಣಿಗಳ ವಿಮರ್ಶೆ ಬರೆಯುತ್ತೇನೆ. ಈ ಸಲ ಜಪಾನಿನ ರಕ್ಕಸ ಪ್ರಾಣಿಯ ಚಿತ್ರ ‘ಗಾಡ್ಜಿಲ್ಲಾ ಮೈನಸ್ ಒನ್’ ಬಗ್ಗೆ ಬರೆದುಕೊಟ್ಟೆ. ‘ಚಿತ್ರ ನೋಡಿದವನು ಇದರಲ್ಲಿ ಎಲ್ಲಿದ್ದಾನೆ?’ ಎಂದು ಕೇಳಿ ಅಧ್ಯಾಪಕರು ಹಿಂದಿರುಗಿಸಿದರು. ಹಳೆಯ ಗಾಡ್ಜಿಲ್ಲಾ ಚಿತ್ರಗಳನ್ನೆಲ್ಲ ನೋಡಿದ ಮೇಲೆಯೇ ಹೊಸದರ ಬಗ್ಗೆ ಬರೆಯಬೇಕೇ? ಸರಣಿಗಳ ವಿಮರ್ಶೆಗೆ ಬೇರೆ ಕ್ರಮವಿದೆಯೇ? ಇಲ್ಲಿ ಎಲ್ಲರೂ ಮಲಯಾಳ ಚಿತ್ರಗಳನ್ನೇ ನೋಡುತ್ತಾರೆ. ಅವುಗಳ ಬಗ್ಗೆ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ? ನನ್ನ ಬರಹವನ್ನೂ ಜೊತೆಗಿಟ್ಟಿದ್ದೇನೆ.
— ಓದುಗ, ಕುಂಬಳೆ

ಉತ್ತರ: ನಿಮ್ಮ ಬರಹವನ್ನು ಎರಡು ಸಲ ಓದಿದೆ. ‘ಗ್ರಾಫಿಕ್ಸ್ ಅದ್ಭುತ, ಹಿನ್ನೆಲೆ ಸಂಗೀತ ಪೂರಕ, ಮೊದಲಾರ್ಧ ತುಸು ನಿಧಾನ, ಒಮ್ಮೆ ನೋಡಲಡ್ಡಿಯಿಲ್ಲ, ಐದಕ್ಕೆ ಮೂರೂವರೆ ಸ್ಟಾರ್.’ ಸುಳ್ಳೇನೂ ಬರೆದಿಲ್ಲ. ಆದರೆ ಚಿತ್ರದ ಹೆಸರನ್ನು ಅಳಿಸಿ ಅಲ್ಲಿ ಬೇರೆ ಯಾವ ಹೆಸರು ಬರೆದರೂ ಒಂದಕ್ಷರ ಬದಲಿಸಬೇಕಾಗಿಲ್ಲ. ಮದುವೆ ಮನೆಯಿಂದ ಹೊರಡುವಾಗ ‘ಊಟ ಒಳ್ಳೆಯದಾಗಿತ್ತು’ ಎಂದು ಎಲ್ಲರೂ ಹೇಳುತ್ತಾರೆ. ಹೋಳಿಗೆಗೆ ತುಪ್ಪ ಬಡಿಸಿದರೋ ಕಾಯಿಹಾಲು ಬಡಿಸಿದರೋ ಎಂದು ಹೇಳಬಲ್ಲವನು ಮಾತ್ರ ಎಲೆಯ ಮುಂದೆ ಕುಳಿತವನು. ಅಧ್ಯಾಪಕರು ಕೇಳಿದ್ದೂ ಅದನ್ನೇ. ಬರಹದ ನಡುವೆ ನೀವು ಬರೆದು, ನೀವೇ ಗೀಟೆಳೆದು ಹೊಡೆದುಹಾಕಿದ ಒಂದು ಸಾಲಿದೆ. ಅದರ ಮಾತು ಕೊನೆಗೆ.

ರಕ್ಕಸರ ಚಿತ್ರವನ್ನು ನೋಡುವುದು ಹೇಗೆಂದು ನಾನು ಕಲಿತದ್ದು ಥಿಯೇಟರಿನಲ್ಲಿ ಅಲ್ಲ, ನಿಮ್ಮ ಕುಂಬಳೆ ಸೀಮೆಯ ಕೊಯಿಲಾದ ಗದ್ದೆಯಲ್ಲಿ. ಯಕ್ಷಗಾನದ ಕವಿ ಪಾರ್ತಿಸುಬ್ಬನ ನೆಲ, ಬಯಲಾಟಕ್ಕೆ ಬರವಿರಲಿಲ್ಲ. ‘ದೇವಿ ಮಹಾತ್ಮೆ’ಯ ರಾತ್ರಿ ಚಾಪೆಯಲ್ಲಿ ನಿದ್ದೆ ಹೋಗಿದ್ದ ನನ್ನನ್ನು ಸೋದರಮಾವ ಅಲುಗಾಡಿಸಿ, ‘ಏಳೋ, ಮಹಿಷಾಸುರ ಹೊರಟ’ ಎಂದು ಎಬ್ಬಿಸಿದರು. ಕಣ್ಣು ಬಿಟ್ಟು ರಂಗಸ್ಥಳದ ಕಡೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಚೆಂಡೆಯವರು ಎದ್ದು ನಿಂತು ಬಾರಿಸುತ್ತಿದ್ದಾರೆ, ಜನರೆಲ್ಲ ಹಿಂದಕ್ಕೆ ತಿರುಗಿದ್ದಾರೆ. ಗದ್ದೆಯ ಆಚೆ ತುದಿಯ ಕತ್ತಲಲ್ಲಿ ಮೊದಲು ಆರ್ಭಟ ಕೇಳಿತು. ಆಮೇಲೆ ದೊಂದಿಯ ಬೆಂಕಿ, ಅದಕ್ಕೆ ಎರಚಿದ ರಾಳದ ಭಗ್ಗೆಂಬ ಬೆಳಕು, ಆ ಬೆಳಕಿನಲ್ಲಿ ಒಂದು ಕ್ಷಣ ಕಂಡು ಮಾಯವಾದ ಎರಡು ಕೋಡು. ಅವನು ನಮ್ಮ ಚಾಪೆಯ ಪಕ್ಕದಲ್ಲೇ ಹಾದುಹೋದ. ಮರುದಿನ ಬೆಳಿಗ್ಗೆ ವೇಷ ಕಟ್ಟುವ ಚೌಕಿಯಲ್ಲಿ ಅದೇ ಮನುಷ್ಯ ಕುಕ್ಕರಗಾಲಿನಲ್ಲಿ ಕುಳಿತು, ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ, ‘ಒಂದು ಕಾಫಿ ಸಿಕ್ಕಬಹುದಾ?’ ಎಂದು ಯಾರನ್ನೋ ಕೇಳುತ್ತಿದ್ದ. ರಾತ್ರಿಯ ಹೆದರಿಕೆ ಇದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ರಕ್ಕಸರ ಪಾತ್ರದ ಬಣ್ಣದ ವೇಷಕ್ಕೆ ಸುಣ್ಣ, ಅಕ್ಕಿಹಿಟ್ಟು ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವುದಕ್ಕೇ ಗಂಟೆಗಟ್ಟಲೆ ಬೇಕು. ಅಷ್ಟು ಕಷ್ಟಪಟ್ಟು ಬರೆದ ಮುಖವನ್ನು ನೇರವಾಗಿ ತಂದು ತೋರಿಸುವುದಿಲ್ಲ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಮೇಲಂಚಿನಲ್ಲಿ ಕಿರೀಟದ ತುದಿ, ಬೆರಳು, ಒಂದು ಕಣ್ಣು, ಹೀಗೆ ಕಂತುಕಂತಾಗಿ ರಕ್ಕಸ ಒದಗುತ್ತಾನೆ. 2014ರಲ್ಲಿ ಗಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದ ಹಾಲಿವುಡ್ ‘ಗಾಡ್ಜಿಲ್ಲಾ’ ಈ ತೆರೆಯ ವಿದ್ಯೆಯನ್ನೇ ನಂಬಿದ ಚಿತ್ರ. ಹೆಚ್ಚುಕಡಿಮೆ ಅರ್ಧ ಚಿತ್ರ ಕಳೆಯುವ ಹೊತ್ತಿಗೆ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪಾದದಿಂದ ತಲೆಯವರೆಗೆ ಪ್ರಾಣಿಯನ್ನು ತೋರಿಸುತ್ತಾರೆ. ಅದು ಬಾಯಿ ತೆರೆದು ಆರ್ಭಟಿಸುತ್ತದೆ. ಇನ್ನೇನು ಕಾಳಗ ಎನ್ನುವಷ್ಟರಲ್ಲಿ ದೃಶ್ಯ ಕಡಿದು, ಮನೆಯಲ್ಲಿ ಕುಳಿತ ಹುಡುಗನೊಬ್ಬ ಟಿ.ವಿ.ಯಲ್ಲಿ ಆ ಕಾಳಗದ ಸುದ್ದಿ ನೋಡುತ್ತಿರುವುದು ಬರುತ್ತದೆ. ಕೆಲವರಿಗೆ ಇದು ಜಾಣತನವಾಗಿ ಕಂಡಿತು. ನನಗೆ ರೇಗಿತು. ತೆರೆ ಸರಿದ ಮೇಲೆ ವೇಷ ಕುಣಿಯಬೇಕು. ಮತ್ತೆ ತೆರೆ ಹಿಡಿದರೆ ಭಾಗವತರು ಜಾಗಟೆ ಕೆಳಗಿಟ್ಟಾರು. ‘ಮೊದಲಾರ್ಧ ನಿಧಾನ’ ಎಂದು ಬರೆಯುವಾಗ ನೀವು ಮಾಡಬೇಕಾಗಿದ್ದ ಕೆಲಸ ಇದು: ಎಲ್ಲಿ ನಿಧಾನ, ಯಾವುದಕ್ಕಾಗಿ ಕಾಯಿಸಿದರು, ಕಾದದ್ದಕ್ಕೆ ಏನು ಸಿಕ್ಕಿತು. ನಿಧಾನವೇ ತಪ್ಪಾಗಿದ್ದರೆ ಮಹಿಷಾಸುರ ಗದ್ದೆಯ ಆ ತುದಿಯಿಂದ ನಡೆದು ಬರಬೇಕಾಗಿರಲಿಲ್ಲ.

ಇನ್ನು ಹಳೆಯ ಚಿತ್ರಗಳ ಪ್ರಶ್ನೆ. ಎಲ್ಲವನ್ನೂ ನೋಡುವುದಕ್ಕೆ ಹೊರಟರೆ ನಿಮ್ಮ ಬಿ.ಎ. ಮುಗಿಯುವುದಿಲ್ಲ. ಒಂದನ್ನು ಮಾತ್ರ ಬಿಡಬೇಡಿ: ಇಶಿರೊ ಹೊಂಡಾ ನಿರ್ದೇಶಿಸಿದ 1954ರ ಕಪ್ಪುಬಿಳುಪು ಚಿತ್ರ. ಜಪಾನಿನಲ್ಲಿ ಅದರ ಹೆಸರು ‘ಗೊಜಿರಾ’. ಗೊರಿಲ್ಲಾ ಮತ್ತು ತಿಮಿಂಗಿಲಕ್ಕೆ ಅಲ್ಲಿರುವ ಹೆಸರುಗಳನ್ನು ಬೆಸೆದು ಮಾಡಿದ ಪದ. ಆ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆಸಿತು. ಸುತ್ತಿನಲ್ಲೆಲ್ಲೋ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿಯ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಗೂ ವಿಕಿರಣ ತಗಲಿತು. ರೇಡಿಯೊ ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ಚಿತ್ರ ತೆರೆಕಂಡಿತು. ಅದು ಶುರುವಾಗುವುದೇ ಹಡಗಿನ ಮೇಲೆ ವಾದ್ಯ ನುಡಿಸುತ್ತಾ ಬಿಡುವಾಗಿ ಕುಳಿತ ನಾವಿಕರಿಂದ, ಅವರ ಕಣ್ಣು ಕೋರೈಸುವ ಒಂದು ಬೆಳಕಿನಿಂದ. ಮುಂದೆ ರೈಲಿನಲ್ಲಿ ಹೋಗುವ ಹೆಂಗಸೊಬ್ಬಳು ಸಹಪ್ರಯಾಣಿಕರೊಡನೆ ಹರಟುತ್ತಾ, ನಾಗಸಾಕಿಯಿಂದ ಪಾರಾಗಿ ಬಂದ ಜೀವ ಇದು, ಈಗ ಇದೊಂದು ಬೇರೆ ಎಂಬಂತೆ ಗೊಣಗುತ್ತಾಳೆ. ಒಂದೇ ಒಂದು ಮಾತು, ದೃಶ್ಯ ಮುಂದಕ್ಕೆ ಹೋಗುತ್ತದೆ. ಆದರೆ ನೋಡಲು ಬಂದವರಿಗೆ ಬಾಂಬು ಬಿದ್ದು ಒಂಬತ್ತು ವರ್ಷವಷ್ಟೇ ಆಗಿತ್ತು.

ಪ್ರಾಣಿಯ ವೇಷದೊಳಗೆ ಇದ್ದದ್ದು ಹರುವೊ ನಕಾಜಿಮಾ ಎಂಬ ನಟ. ನೂರು ಕಿಲೋ ಆಸುಪಾಸಿನ ರಬ್ಬರ್ ವೇಷ ಹೊತ್ತು, ಸುಡುವ ದೀಪಗಳ ಕೆಳಗೆ ನಡೆದವರು. ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಂತರಂತೆ. ಆರ್ಭಟವನ್ನು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ತಂತಿ ಸಡಿಲಿಸಿದ ದೊಡ್ಡ ಪಿಟೀಲಿನಂಥ ವಾದ್ಯದ ಮೇಲೆ ರಾಳ ಹಚ್ಚಿದ ಚರ್ಮದ ಕೈಗವಸು ಎಳೆದು ಹೊರಡಿಸಿದರು. ಇಲ್ಲೂ ರಾಳ! ಓದಿದ ದಿನ ಒಬ್ಬನೇ ನಕ್ಕಿದ್ದೆ.

ಕೆಲವು ವರ್ಷಗಳ ಹಿಂದೆ ಪೆರ್ಲದ ಕಡೆಯ ಒಂದು ಪುಟ್ಟ ವಾಚನಾಲಯದಲ್ಲಿ ಈ ಹಳೆಯ ಚಿತ್ರವನ್ನು ತೋರಿಸಿದೆವು. ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು, ನಾನು ಪಕ್ಕದಲ್ಲಿ ನಿಂತು ಮುಖ್ಯ ಮಾತುಗಳನ್ನಷ್ಟೇ ಕನ್ನಡದಲ್ಲಿ ಹೇಳುತ್ತಿದ್ದೆ. ಆಕಾಶದಿಂದ ಬೂದಿ ಬಿದ್ದ ಸಂಗತಿಯನ್ನು ವಿವರಿಸಬೇಕಾದೀತೆಂದು ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಪೆರ್ಲ ಸೇರಿದ ಎಣ್ಮಕಜೆ ಪಂಚಾಯತಿನ ಜನಕ್ಕೆ ಅದನ್ನು ವಿವರಿಸುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟಂತೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡವರು ಅವರು, ಅದರ ಫಲವನ್ನು ಮನೆಯೊಳಗೆ ಹಾಸಿಗೆಯ ಮೇಲೆ ಇಟ್ಟುಕೊಂಡು ಸಾಕಿದವರು. ಚಿತ್ರದ ಕೊನೆಯಲ್ಲಿ ವಿಜ್ಞಾನಿಯೊಬ್ಬ ತಾನು ಕಂಡುಹಿಡಿದ ಅಸ್ತ್ರದಿಂದ ಕೊಲ್ಲಿಯ ನೀರಿನ ಆಮ್ಲಜನಕವನ್ನೇ ನಾಶಮಾಡಿ ಗೊಜಿರಾನನ್ನು ಕೊಲ್ಲುತ್ತಾನೆ, ತಾನೂ ಅಲ್ಲೇ ಸಾಯುತ್ತಾನೆ. ದೀಪ ಹಾಕಿದಾಗ ಎಲ್ಲರೂ ಸುಮ್ಮನಿದ್ದರು. ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದರು: ‘ಅದು ಸತ್ತಿತು, ಒಳ್ಳೆಯದಾಯಿತು. ಆ ನೀರಿನಲ್ಲಿ ಮತ್ತೆ ಮೀನು ಯಾವಾಗ ಬಂತು?’

ಗಾಡ್ಜಿಲ್ಲಾ ಕುರಿತು ನಾನು ಓದಿದ ಪುಟಗಳಿಗೆ ಲೆಕ್ಕವಿಲ್ಲ. ಆ ಪ್ರಶ್ನೆಯನ್ನು ಹೀಗೆ ನೆಟ್ಟಗೆ ಕೇಳಿದ ಇನ್ನೊಂದು ವಿಮರ್ಶೆಯನ್ನು ನಾನು ಕಂಡಿಲ್ಲ. ಅಜ್ಜಿ ಗ್ರಾಫಿಕ್ಸ್ ನೋಡಲಿಲ್ಲ, ನಿಧಾನವೆನ್ನಲಿಲ್ಲ. ತನ್ನ ಊರಿನ ಕಣ್ಣಿನಿಂದ ಆ ಕೊಲ್ಲಿಯನ್ನು ನೋಡಿದರು.

ಹಳೆಯದನ್ನು ನೋಡಿ ಎಂದದ್ದು ಇದಕ್ಕೆ. ಹಳೆಯ ಕಥೆಯನ್ನು ಹೊಸದಾಗಿ ಶುರುಮಾಡುವ ರೀಬೂಟ್ ಚಿತ್ರವನ್ನು ‘ಹಳೆಯದರಷ್ಟು ಚೆನ್ನಾಗಿದೆಯೇ’ ಎಂದು ತೂಗುವುದು ದಂಡ. ಹಳೆಯ ಭಯದ ಜಾಗದಲ್ಲಿ ಹೊಸಬರು ಏನನ್ನು ತಂದಿಟ್ಟರು, ತಪ್ಪನ್ನು ಯಾರ ತಲೆಗೆ ಕಟ್ಟಿದರು ಎಂದು ನೋಡಿ. 1998ರಲ್ಲಿ ರೋಲ್ಯಾಂಡ್ ಎಮ್ಮೆರಿಕ್ ಮಾಡಿದ ಅಮೆರಿಕದ ಚಿತ್ರದಲ್ಲಿ ಪ್ರಾಣಿ ಹುಟ್ಟುವುದು ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸ್ ನಡೆಸಿದ ಅಣುಪರೀಕ್ಷೆಯಿಂದ! ಆಮೇಲೆ ಅದು ನ್ಯೂಯಾರ್ಕಿಗೆ ಬಂದು ಕ್ರೀಡಾಂಗಣದಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿಗೆ ಭಯ ಮುಗಿದು ಉಡ ಹಿಡಿಯುವ ಕೆಲಸ ಶುರುವಾಗುತ್ತದೆ. 2014ರ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ: ಆ ಕಾಲದ ಬಾಂಬುಗಳು ಪರೀಕ್ಷೆಯೇ ಆಗಿರಲಿಲ್ಲ, ಗಾಡ್ಜಿಲ್ಲಾನನ್ನು ಕೊಲ್ಲುವುದಕ್ಕೆ ಮಾಡಿದ ಯತ್ನ ಎನ್ನುತ್ತದೆ ಅದು. ಬೂದಿ ಬಿದ್ದ ಆ ಬೆಸ್ತರನ್ನು ನೆನೆಸಿಕೊಂಡು ಈ ತಿರುವನ್ನು ನೋಡಿದರೆ ಬಾಯಿ ಕಹಿಯಾಗುತ್ತದೆ. ದೃಶ್ಯಗಳು ಎಷ್ಟೇ ಸೊಗಸಾಗಿದ್ದರೂ (ಸೊಗಸಾಗಿವೆ, ಅದರಲ್ಲಿ ಅನುಮಾನವಿಲ್ಲ) ಇದನ್ನು ಬರೆಯದೆ ಬಿಡುವುದು ನನ್ನಿಂದಾಗದು.

ಜಪಾನಿನವರು ಬೇರೆ ದಾರಿ ಹಿಡಿದರು. 2011ರ ಭೂಕಂಪ, ಸುನಾಮಿ, ಫುಕುಶಿಮಾ ದುರಂತದ ನೆರಳಿನಲ್ಲಿ 2016ರಲ್ಲಿ ಬಂದ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಹೆದರಿಸುವುದು ಪ್ರಾಣಿಗಿಂತ ಸಭೆಗಳು. ಕಡಲಿನಿಂದ ಏನೋ ಎದ್ದು ಬರುತ್ತಿದೆ. ಮಂತ್ರಿಗಳು ಒಂದು ಕೊಠಡಿಯ ಸಭೆ ಮುಗಿಸಿ ಎದ್ದು, ಕಡತ ಹಿಡಿದುಕೊಂಡು ಮತ್ತೊಂದು ಕೊಠಡಿಯ ಸಭೆಗೆ ಹೋಗುತ್ತಾರೆ. ಒಂದು ಸರ್ಟಿಫಿಕೇಟಿಗಾಗಿ ಗ್ರಾಮ ಕಚೇರಿಯಿಂದ ತಾಲೂಕು ಕಚೇರಿಗೆ, ಅಲ್ಲಿ ಕನ್ನಡ ಅರ್ಜಿ ಓದಬಲ್ಲವರು ರಜೆಯೆಂದು ಮತ್ತೆ ಗ್ರಾಮ ಕಚೇರಿಗೆ ಅಲೆದ ಗಡಿನಾಡಿನವರಿಗೆ ಈ ಚಿತ್ರದ ಹಾಸ್ಯ ಟೋಕಿಯೊದವರಷ್ಟೇ ಚೆನ್ನಾಗಿ ತಿಳಿಯುತ್ತದೆ.

ಈಗ ನಿಮ್ಮ ‘ಮೈನಸ್ ಒನ್’. ತಕಾಶಿ ಯಮಜಾಕಿ ನಿರ್ದೇಶನ. 1954ರ ಚಿತ್ರ ಬಿಡುಗಡೆಯಾದ ನವೆಂಬರ್ 3ರಂದೇ, 2023ರಲ್ಲಿ ತೆರೆಕಂಡಿತು. ಕಥೆಯನ್ನು ಯುದ್ಧ ಮುಗಿದ ಕೂಡಲೇ ಬಂದ ವರ್ಷಗಳಿಗೆ ಹಿಂದಕ್ಕೆ ಒಯ್ದರು. ಸೋತು ಸೊನ್ನೆಗೆ ಇಳಿದ ದೇಶವನ್ನು ಸೊನ್ನೆಯಿಂದಲೂ ಕೆಳಕ್ಕೆ ತಳ್ಳಲು ಪ್ರಾಣಿ ಬರುತ್ತದೆ. ಹೆಸರಿನ ಅರ್ಥ ಅದು. ನಾಯಕ ಶಿಕಿಶಿಮಾ ವಿಮಾನದೊಡನೆ ಹಡಗಿಗೆ ಅಪ್ಪಳಿಸಿ ಸಾಯಬೇಕಾಗಿದ್ದ ಆತ್ಮಾಹುತಿ ಪೈಲಟ್. ಸಾಯಲು ಮನಸ್ಸಾಗದೆ ವಿಮಾನ ಕೆಟ್ಟಿದೆಯೆಂದು ನೆಪ ಹೇಳಿ ಇಳಿದವನು. ಬದುಕಿ ಮನೆಗೆ ಬಂದದ್ದಕ್ಕೆ ನೆರೆಯವಳಿಂದ ಬೈಸಿಕೊಳ್ಳುತ್ತಾನೆ. ನೀವು ‘ನಿಧಾನ’ ಎಂದ ಮೊದಲಾರ್ಧ ಇದೇ. ಸುಟ್ಟ ಊರಿನಲ್ಲಿ ತಗಡಿನ ಮನೆ, ಯಾರದೋ ಮಗು, ಹೊಟ್ಟೆಪಾಡಿಗೆ ಕಡಲಿನ ಬಾಂಬು ಹೆಕ್ಕುವ ಕೆಲಸ. ಇದನ್ನೆಲ್ಲ ಕಳೆದುಕೊಳ್ಳಬಹುದೆಂದು ನಮಗೆ ಮನವರಿಕೆಯಾದ ಮೇಲೆಯೇ ಪ್ರಾಣಿ ಟೋಕಿಯೊದ ಗಿಂಜಾ ಪೇಟೆಗೆ ಕಾಲಿಡುವುದು.

ಆ ಗಿಂಜಾ ದೃಶ್ಯವನ್ನು ‘ರೋಮಾಂಚಕ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಇನ್ನೊಮ್ಮೆ ನೋಡಿ. ಬಾಲದ ಕಡೆಯಿಂದ ಬೆನ್ನಿನ ಫಲಕಗಳು ಒಂದೊಂದಾಗಿ ಹೊರಕ್ಕೆ ಚಾಚುತ್ತವೆ, ಬಂದೂಕಿನ ಕುದುರೆ ಎಳೆದ ಹಾಗೆ. ಒಂದು ಕ್ಷಣ ಬಿಟ್ಟು ಎಲ್ಲವೂ ಒಟ್ಟಿಗೆ ಒಳಕ್ಕೆ ಜಗ್ಗುತ್ತವೆ. ಬಾಯಿಯಿಂದ ಬೆಳಕು ಹೊರಡುತ್ತದೆ. ಸದ್ದು ತಡವಾಗಿ ಬರುತ್ತದೆ, ಗಾಳಿ ಇನ್ನೂ ತಡವಾಗಿ. ಅಣಬೆಯಾಕಾರದ ಮೋಡ ಏಳುತ್ತದೆ, ಪ್ರಾಣಿಯೂ ತಲೆಯೆತ್ತಿ ಅದನ್ನು ನೋಡುತ್ತದೆ. ಶಿಕಿಶಿಮಾ ಒಬ್ಬನೇ ನಿಂತು ಕೂಗುತ್ತಾನೆ, ಅವನ ಮುಖದ ಮೇಲೆ ಕಪ್ಪು ಮಳೆ ಬೀಳುತ್ತದೆ. ಕಪ್ಪು ಮಳೆ ಹಿರೊಶಿಮಾದ ನೆನಪು. ಅಲ್ಲಿ ನಿರ್ದೇಶಕರು ಒಂದು ಮಾತನ್ನೂ ಬರೆದಿಲ್ಲ. ನೀವು ಬರೆಯಬಹುದು.

ಗ್ರಾಫಿಕ್ಸ್ ಬಗ್ಗೆ ಬರೆಯಲೇಬೇಕೆಂದಿದ್ದರೆ ‘ಅದ್ಭುತ’ಕ್ಕಿಂತ ಗಟ್ಟಿಯಾದದ್ದು ಸಿಗುತ್ತದೆ. 610 ಗ್ರಾಫಿಕ್ಸ್ ದೃಶ್ಯತುಣುಕುಗಳನ್ನು ಮೂವತ್ತೈದು ಮಂದಿಯ ಒಂದು ತಂಡ ಮಾಡಿ ಮುಗಿಸಿತು. ಇಡೀ ಚಿತ್ರದ ವೆಚ್ಚ ಒಂದೂವರೆ ಕೋಟಿ ಡಾಲರ್‌ಗಿಂತ ಕಡಿಮೆಯೆಂದು ನಿರ್ದೇಶಕರೇ ಹೇಳಿದ್ದಾರೆ. ಹಾಲಿವುಡ್ಡಿನ ಪ್ರಾಣಿಗಳ ಮೇವಿನ ಖರ್ಚಿಗೂ ಅದು ಸಾಲದು. 2024ರ ಮಾರ್ಚಿನಲ್ಲಿ ಚಿತ್ರಕ್ಕೆ ವಿಷುವಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಬಂತು. ನಿರ್ದೇಶಕನೇ ಈ ಪ್ರಶಸ್ತಿಯನ್ನು ಪಡೆದದ್ದು ಸ್ಟಾನ್ಲಿ ಕುಬ್ರಿಕ್ ಆದ ಮೇಲೆ ಇದೇ ಮೊದಲು. ಗ್ರಾಫಿಕ್ಸ್ ಮಾಡಿಸುವವನು, ಕಥೆ ಬರೆದವನು, ಕ್ಯಾಮೆರಾ ಎಲ್ಲಿಡಬೇಕೆಂದು ಹೇಳುವವನು ಒಬ್ಬನೇ ಆದಾಗ ಎಲ್ಲಿ ದುಡ್ಡು ಸುರಿಯಬೇಕು, ಎಲ್ಲಿ ಬರೀ ನೀರು ತೋರಿಸಿದರೆ ಸಾಕು ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ.

ಚಿತ್ರದ ಕೊನೆಗೆ ಎಲ್ಲವೂ ಸರಿಹೋಗಿಬಿಡುವುದು ನನಗೆ ಸ್ವಲ್ಪ ಸಿಹಿ ಹೆಚ್ಚಾಯಿತು ಅನಿಸಿತು. ನಿಮಗೆ ಅನಿಸದಿದ್ದರೆ ಹಾಗೆಯೇ ಬರೆಯಿರಿ, ನನ್ನ ನಾಲಿಗೆಯ ರುಚಿ ನಿಮಗೆ ಬೇಡ. ಆದರೆ ಕೊನೆಯಲ್ಲಿ ಏನಾಗುತ್ತದೆಂದು ಹೇಳಬೇಡಿ, ನಾನೂ ಹೇಳಿಲ್ಲ.

ಸರಣಿಗಳ ವಿಷಯ ಬೇಗ ಮುಗಿಯುತ್ತದೆ. ಮೊದಲ ಕಂತು ನೋಡಿ ಬರೆಯಬೇಡಿ, ಪ್ರತಿ ಕಂತಿನ ಕಥೆ ಹೇಳಬೇಡಿ. ಎಷ್ಟನೆಯ ಕಂತಿನ ಎಷ್ಟನೆಯ ನಿಮಿಷದಲ್ಲಿ ಮೊಬೈಲ್ ಕೈಗೆತ್ತಿಕೊಂಡಿರಿ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ; ಮಜ್ಜಿಗೆಗೆ ನೀರು ಬೆರೆಸಿದ ಜಾಗ ಅದು. ಗಾಡ್ಜಿಲ್ಲಾ ಜಗತ್ತಿನದೇ ಆದ ‘ಮೊನಾರ್ಕ್’ ಸರಣಿಯ ಮೊದಲ ಸೀಸನ್ನಿಗೆ ಹತ್ತು ಕಂತು. ಪ್ರಾಣಿ ಬಂದು ಹೋದ ಮೇಲೆ ಉಳಿದವರ ನಿದ್ದೆ ಏನಾಯಿತು ಎಂದು ಕೇಳುವುದಕ್ಕೆ ಸಿನಿಮಾಕ್ಕೆ ಹೊತ್ತಿಲ್ಲ, ಸರಣಿಗೆ ಇದೆ. ಸೇತುವೆಯ ಮೇಲೆ ಶಾಲಾ ಬಸ್ಸಿನ ಮಕ್ಕಳನ್ನು ಕಳೆದುಕೊಂಡ ಅಧ್ಯಾಪಕಿಯ ಪಾತ್ರ ಆ ಕೆಲಸವನ್ನು ಚೆನ್ನಾಗಿಯೇ ಶುರುಮಾಡುತ್ತದೆ. ಒಂದೇ ಪಾತ್ರದ ಯೌವನ, ಮುಪ್ಪುಗಳನ್ನು ಮಗ ವಯಟ್ ರಸೆಲ್, ಅಪ್ಪ ಕರ್ಟ್ ರಸೆಲ್ ಹಂಚಿಕೊಂಡಿರುವುದೂ ಚೆಂದ. ನಡುವೆ ಟೋಕಿಯೊ, ಅಲಾಸ್ಕಾ, ಅಲ್ಜೀರಿಯಾ ಎಂದು ಓಡಾಟ ಹೆಚ್ಚಾಗಿ ಆ ಅಧ್ಯಾಪಕಿಯ ನೋವು ವಿಮಾನ ನಿಲ್ದಾಣದಲ್ಲೇ ಉಳಿದುಹೋಗುತ್ತದೆ. ಇದಕ್ಕೆ ಎದುರಾಗಿ 2023ರ ಮಲಯಾಳ ಸರಣಿ ‘ಕೇರಳ ಕ್ರೈಮ್ ಫೈಲ್ಸ್’ ನೋಡಿ. ಲಾಡ್ಜಿನ ರಿಜಿಸ್ಟರಿನಲ್ಲಿ ಬರೆದಿಟ್ಟ ಒಂದು ಸುಳ್ಳು ವಿಳಾಸ, ಆರು ಚಿಕ್ಕ ಕಂತು. ಪೊಲೀಸರು ಮನೆಯಿಂದ ಮನೆಗೆ ಅಲೆಯುವುದೇ ಕಥೆ. ಒಂದು ಹನಿ ನೀರು ಬೆರೆಸಿಲ್ಲ.

ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆಂದು ಕೇಳಿದ್ದೀರಿ. ಎಷ್ಟು ಮಂದಿ ಎಂಬ ಲೆಕ್ಕ ನನ್ನಲ್ಲಿಲ್ಲ. ಆದರೆ ಇಲ್ಲಿಯವರಿಗೆ ಎರಡು ಕಡೆಯ ತೆರೆಯ ಹಿಂದೆಯೂ ಇಣುಕುವ ಸವಲತ್ತಿದೆ. 2025ರ ‘ಲೋಕಃ’ ಚಿತ್ರ ತೆಗೆದುಕೊಳ್ಳಿ. ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಬರುವ ನಾಯಕಿಯಾಗಿ ಮರುಹುಟ್ಟಿಸಿದ್ದಾರೆ, ಇದೂ ರೀಬೂಟೇ. ಹಳೆಯ ಕಥೆಯಲ್ಲಿ ದಾರಿಹೋಕ ಗಂಡಸರು ಯಕ್ಷಿಗೆ ಹೆದರುತ್ತಾರೆ, ಮಂತ್ರವಾದಿ ಬಂದು ಅಡಗಿಸುತ್ತಾನೆ. ಹೊಸ ಕಥೆ ಅವಳ ಬಾಲ್ಯಕ್ಕೆ ಹೋಗಿ, ಮೊದಲು ಹೆದರಿದವಳು ಅವಳೇ ಎನ್ನುತ್ತದೆ. ಯಕ್ಷಿ ಸುಣ್ಣ ಕೇಳುತ್ತಾಳೆಂದು ಅಜ್ಜಿಯಿಂದ ಕೇಳಿ ಬೆಳೆದ ನೀವು ಬೆಂಗಳೂರಿನ ಓದುಗನಿಗೆ ಇದನ್ನು ತಿಳಿಸಬಲ್ಲಿರಿ. ಆ ಬಾಡಿಗೆ ಮನೆಯ ಬೆಂಗಳೂರು ನಿಜವಾದ ಬೆಂಗಳೂರಿನಂತಿದೆಯೇ ಎಂದು ಇಲ್ಲಿಯ ಗೆಳೆಯರಿಗೂ ಹೇಳಬಲ್ಲಿರಿ. ಒಂದು ಎಚ್ಚರಿಕೆ ಮಾತ್ರ. ಚಂದ್ರಗಿರಿ ಹೊಳೆಯ ಈ ಕಡೆಯ ಭೂತವನ್ನಾಗಲಿ ಆ ಕಡೆಯ ತೆಯ್ಯಂ ಅನ್ನಾಗಲಿ ‘ನಮ್ಮ ಗಾಡ್ಜಿಲ್ಲಾ’ ಎಂದು ಬರೆಯುವ ಚಪಲಕ್ಕೆ ಬೀಳಬೇಡಿ. ದೈವದ ಮುಂದೆ ಜನ ನಿಂತು ತಮ್ಮ ದೂರು ಹೇಳಿಕೊಳ್ಳುತ್ತಾರೆ, ಅದು ನುಡಿ ಕೊಡುತ್ತದೆ. ಗಾಡ್ಜಿಲ್ಲಾನ ಮುಂದೆ ಓಡುವುದೊಂದೇ ದಾರಿ. ಅನಂತಪುರದ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಕೈಮುಗಿದರು. ಬಾಯಿ ತುಂಬ ಹಲ್ಲಿದ್ದ ಮಾತ್ರಕ್ಕೆ ಎಲ್ಲವೂ ರಕ್ಕಸನಾಗುವುದಿಲ್ಲ ಎನ್ನುವುದು ನಮ್ಮ ಕಡೆಯವರಿಗೆ ಗೊತ್ತು.

ಸ್ಟಾರ್ ಕೊಡುವ ಪದ್ಧತಿಯನ್ನು ಬಿಡಿ. ಭಿತ್ತಿಪತ್ರಿಕೆಯ ಮುಂದೆ ನಿಂತವರು ಮೊದಲು ಅದನ್ನೇ ನೋಡಿ, ಅಲ್ಲಿಂದಲೇ ಕ್ಯಾಂಟೀನಿಗೆ ಹೋಗುತ್ತಾರೆ.

ನೀವು ಹೊಡೆದುಹಾಕಿದ ಸಾಲು ಇದು: ‘ಪ್ರಾಣಿ ಸಣ್ಣ ದೋಣಿಯನ್ನು ಅಟ್ಟಿಸಿಕೊಂಡು ಬರುವಾಗ ಜೊತೆಗೆ ಕುಳಿತು ನೋಡುತ್ತಿದ್ದ, ಕಡಲಿಗೆ ಹೋಗುವ ನಮ್ಮ ಮಾವ, ಮರದ ದೋಣಿ, ಅದು ಒಳ್ಳೆಯದು ಎಂದರು.’ ಚಿತ್ರದಲ್ಲಿ ಆ ದೋಣಿ ಮರದ್ದೇ ಆಗಿರಬೇಕು, ಏಕೆಂದರೆ ಯುದ್ಧಕಾಲದಲ್ಲಿ ಕಡಲಿಗೆ ಬಿಟ್ಟ ಬಾಂಬುಗಳು ಕಬ್ಬಿಣದ ಒಡಲನ್ನು ಅಯಸ್ಕಾಂತದಿಂದ ಗುರುತಿಸಿ ಸಿಡಿಯುತ್ತವೆ. ನಿಮ್ಮ ಮಾವ ಹೇಳಿದ್ದು ಆ ಕಾರಣಕ್ಕೆ ಅಲ್ಲದಿರಬಹುದು. ಅವರು ಫೈಬರ್ ದೋಣಿಯಲ್ಲೂ ಮರದ ದೋಣಿಯಲ್ಲೂ ಹೋದವರಾದರೆ ಅವರಿಗೆ ಬೇರೆಯೇ ಕಾರಣವಿರುತ್ತದೆ. ಈ ಭಾನುವಾರ ಹೋಗಿ ಕೇಳಿ. ಅವರು ಹೇಳಿದ್ದನ್ನು ಮೊದಲ ಪ್ಯಾರಾದಲ್ಲಿ ಹಾಕಿ, ಮುನ್ನೂರು ಪದಗಳೊಳಗೆ ಬರೆದು ಅಧ್ಯಾಪಕರಿಗೆ ಕೊಡಿ. ನನಗೂ ಒಂದು ಪ್ರತಿ ಕಳುಹಿಸಿ.